ಬಾರ್ಲಿ ಚಹಾ: ಮೊದಲ ಲೋಟದವರಿಗೊಂದು ಕೈಪಿಡಿ

ಕಾಸರಗೋಡು ಗಡಿನಾಡಿನ ಪೈವಳಿಕೆ ಕಡೆಯ ಮನೆಯೊಂದರಲ್ಲಿ ಬಾರ್ಲಿ ಬೇಯುತ್ತಿದ್ದರೆ ಬಂದವರು ಕೇಳುವ ಮೊದಲ ಪ್ರಶ್ನೆ, "ಯಾರಿಗೆ ಹುಷಾರಿಲ್ಲ?" ಉರಿಮೂತ್ರಕ್ಕೆ, ಬಸುರಿಯ ಕಾಲಿನ ಬಾವಿಗೆ, ಜ್ವರ ಬಿಟ್ಟ ಮೇಲಿನ ರುಚಿಗೆಟ್ಟ ಬಾಯಿಗೆ, ಬಾರ್ಲಿ ನೀರಿಗೆ ನಮ್ಮಲ್ಲಿ ಇರುವ ಕೆಲಸ ಇಷ್ಟು. ಅದು ಮನೆ ಹೊಗುವ ಇನ್ನೊಂದು ದಾರಿ ಶ್ರಾದ್ಧದ್ದು. ಪಿತೃಗಳಿಗೆ ಎಳ್ಳು, ವಿಶ್ವೇದೇವತೆಗಳಿಗೆ ಜವೆ, ಅಂದರೆ ಇದೇ ಬಾರ್ಲಿ. ರೋಗಿಯ ಮಂಚದ ಪಕ್ಕದಲ್ಲಿ ಮತ್ತು ಭಟ್ಟರ ಎದುರಿನ ಬಾಳೆಲೆಯಲ್ಲಿ ಮಾತ್ರ ಕಂಡ ಕಾಳನ್ನು ಖುಷಿಗಾಗಿ ಕುಡಿಯಿರಿ ಎಂದರೆ ನಂಬುವುದು ಕಷ್ಟವೇ. ಆದರೂ ಅದೇ ಕಾಳನ್ನು ಹುರಿದು ಕಾಯಿಸಿದ ನೀರು ಜಪಾನಿನಲ್ಲಿ ಮುಗಿಚಾ, ಕೊರಿಯಾದಲ್ಲಿ ಬೋರಿಚಾ. ಅಲ್ಲಿ ಅದಕ್ಕೆ ರೋಗದ ವಾಸನೆ ಇಲ್ಲ. ಶಾಲೆಯಿಂದ ಬಂದ ಮಕ್ಕಳು ಫ್ರಿಜ್ ತೆಗೆದು ಗಟಗಟ ಕುಡಿಯುವುದು ಅದನ್ನೇ.

ಈಗ ಅದರ ಪೊಟ್ಟಣಗಳು ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲೋ ಬೆಂಗಳೂರಿನ ಮಕ್ಕಳ ಆನ್‌ಲೈನ್ ಖರೀದಿಯಲ್ಲೋ ಊರಿಗೆ ಬಂದು ಬೀಳುತ್ತವೆ. ಒಂದು ಗುಟುಕು ಕುಡಿದವರು "ಇದೆಂತದ್ದು ಮಾರಾಯ್ರೆ, ಸೀದ ಗಂಜಿ ತೆಳಿಯ ಹಾಗೆ" ಎಂದು ಲೋಟ ಕೆಳಗಿಡುತ್ತಾರೆ. ತಪ್ಪು ಅವರದ್ದಲ್ಲ, ಹೆಸರಿನದ್ದು. ಚಹಾ ಎಂದು ಕೊಟ್ಟರೆ ನಾಲಗೆ ಚಹಾವನ್ನೇ ಹುಡುಕುತ್ತದೆ. ಇದರಲ್ಲಿ ಚಹಾದ ಎಲೆ ಇಲ್ಲ, ಕೆಫೀನ್ ಇಲ್ಲ, ಹಾಲಿಲ್ಲದ ಕಟ್ಟನ್ ಚಾಯದ ಆ ಒಗರು ಹಿಡಿತವೂ ಇಲ್ಲ. ಸುಲೈಮಾನಿ ಚಹಾದ ನಿರೀಕ್ಷೆಯಲ್ಲಿ ಕೂತವನಿಗೆ ಇದು ಮೋಸವೆಂದೇ ಕಾಣಬೇಕು.

ಇದನ್ನು ಕುಡಿಯುವ ಸರಿಯಾದ ಮನಸ್ಸು ಯಾವುದೆಂದು ತಿಳಿಯಲು ಟೋಕಿಯೋಗೆ ಹೋಗುವುದು ಬೇಡ, ಉಪ್ಪಳದ ಅಥವಾ ಕಾಸರಗೋಡಿನ ಊಟದ ಹೋಟೆಲಿಗೆ ಹೋದರೆ ಸಾಕು. ಎಲೆ ಹಾಕುವ ಮೊದಲೇ ಮೇಜಿಗೆ ಒಂದು ಜಗ್ಗು ಬಿಸಿನೀರು ಬರುತ್ತದೆ. ಗುಲಾಬಿ ಬಣ್ಣದ್ದಾದರೆ ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು, ಕಂದಾದರೆ ಕರಿಂಗಾಲಿ ಚಕ್ಕೆಯದ್ದು, ಬಣ್ಣವಿಲ್ಲದೆ ಘಮ ಮಾತ್ರ ಇದ್ದರೆ ಜೀರಿಗೆಯದ್ದು. ಆ ನೀರನ್ನು ಯಾರೂ ಸ್ಟ್ರಾಂಗೋ ಲೈಟೋ ಎಂದು ವಿಚಾರಿಸುವುದಿಲ್ಲ, ಸಕ್ಕರೆ ಕೇಳುವುದಿಲ್ಲ. ಊಟದ ನಡುನಡುವೆ ಕುಡಿಯುತ್ತಾರೆ, ಜಗ್ಗು ಖಾಲಿಯಾದರೆ ಇನ್ನೊಂದು ಬರುತ್ತದೆ. ಬಾರ್ಲಿ ಚಹಾದ ಸ್ಥಾನ ಅದು. ಕೊರಿಯಾದ ಹೋಟೆಲುಗಳಲ್ಲಿ ಬೋರಿಚಾ ಬರುವುದು ಹಾಗೆಯೇ, ಕೇಳದೆ, ನೀರಿಗೆ ಬದಲಾಗಿ. ಆದ್ದರಿಂದ ಮೊದಲ ಪಾಠ: ಗುಟುಕಿನಲ್ಲಿ ತೀರ್ಮಾನಿಸಬೇಡಿ, ಒಂದು ಊಟದಲ್ಲಿ ತೀರ್ಮಾನಿಸಿ. ಕುಚ್ಚಲಕ್ಕಿ ಅನ್ನ, ಮೀನೋ ಬಸಳೆಯೋ ಇರುವ ಗಸಿ, ಮಾವಿನ ಮಿಡಿ ಉಪ್ಪಿನಕಾಯಿ. ಎಣ್ಣೆ ಖಾರಗಳ ಮೇಲೆ ಈ ನೀರು ಹೋದಾಗ ಬಾಯಿ ತೊಳೆದ ಹಾಗಾಗಿ ಮುಂದಿನ ತುತ್ತಿಗೆ ಜಾಗವಾಗುತ್ತದೆ. ಬರಿಬಾಯಿಗೆ ಸಪ್ಪೆ ಎನಿಸಿದ್ದು ಉಪ್ಪಿನಕಾಯಿಯ ನಂತರ ಸಿಹಿ ಎನಿಸುತ್ತದೆ.

ಇನ್ನೊಂದು ತೊಡಕು ನಮ್ಮ ಕಷಾಯದ ಅಭ್ಯಾಸದ್ದು. ಈ ಗಡಿನಾಡಿನ ಅಡುಗೆಮನೆಯಲ್ಲಿ ಹುರಿದ ಕಾಳಿನ ಪಾನೀಯ ಹೊಸದೇನಲ್ಲ. ಕೊತ್ತಂಬರಿ, ಜೀರಿಗೆ, ಚಿಟಿಕೆ ಮೆಂತೆ, ನಾಲ್ಕು ಕಾಳುಮೆಣಸು ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಟ್ಟರೆ ಆಯಿತು. ಬೇಕಾದಾಗ ಬೆಲ್ಲ ಹಾಕಿ ಕುದಿಸಿ ಹಾಲು ಹೊಯ್ಯುವುದು. ಅದನ್ನೇ ಕುಡಿದು ಬೆಳೆದವರ ಕೈ ಬಾರ್ಲಿ ಲೋಟಕ್ಕೂ ತಾನಾಗಿ ಹಾಲು ಬೆಲ್ಲಗಳತ್ತ ಹೋಗುತ್ತದೆ. ತಡೆಯಿರಿ. ಕೊತ್ತಂಬರಿ ಜೀರಿಗೆಗಳ ಘಮ ಅವುಗಳೊಳಗಿನ ಎಣ್ಣೆಯದ್ದು. ಹುರಿಯುವ ಮೊದಲೂ ಅದು ಅಲ್ಲಿರುತ್ತದೆ, ಹಾಲನ್ನು ಸೀಳಿಕೊಂಡು ಮೂಗಿಗೆ ಬರುವ ಶಕ್ತಿ ಅದಕ್ಕಿದೆ. ಹಸಿ ಬಾರ್ಲಿಗೆ ಹೇಳಿಕೊಳ್ಳುವ ಪರಿಮಳವೇ ಇಲ್ಲ. ಬಿಸಿಗೆ ಕಾಳಿನೊಳಗಿನ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಸೇರಿ ಕಂದಾಗುತ್ತವಲ್ಲ, ಇದರ ಘಮ ಹುಟ್ಟುವುದು ಆಗ. ಬ್ರೆಡ್ಡಿನ ಹೊರಪದರಕ್ಕೆ, ಹುರಿದ ಕಾಫಿ ಬೀಜಕ್ಕೆ ಘಮ ಬರುವುದೂ ಇದೇ ಕ್ರಿಯೆಯಿಂದ. ಬಾರ್ಲಿಯಲ್ಲಿ ಅದು ಬಹಳ ಮೆಲುವಾಗಿ ಇರುತ್ತದೆ. ಒಂದು ಚಮಚ ಹಾಲು ಬಿದ್ದರೆ ಮುಗಿಯಿತು. ಹಾಲಿಲ್ಲದೆ ಆಗುವುದೇ ಇಲ್ಲ ಎನ್ನುವವರಿಗೆ ಇಟಲಿಯ ದಾರಿಯಿದೆ: ಕಾಫಿ ಬೀಜ ಸಿಗದ ಯುದ್ಧಕಾಲದಲ್ಲಿ ಅಲ್ಲಿನವರು ಬಾರ್ಲಿಯನ್ನು ಕಪ್ಪಗೆ ಹುರಿದು ಪುಡಿ ಮಾಡಿ ಕಾಫಿಯಂತೆ ಇಳಿಸಿಕೊಂಡರು. ಆ ರೂಢಿ ಇಂದಿಗೂ ಉಳಿದಿದೆ, ಹಾಲು ಅದಕ್ಕೆ ಹೊಂದುತ್ತದೆ. ಆದರೆ ಅದು ಬೇರೆಯೇ ಪಾನೀಯ.

ಪೊಟ್ಟಣದ ಚೀಲಗಳಿಂದ ಶುರು ಮಾಡುವುದಕ್ಕೆ ನನ್ನ ತಕರಾರಿಲ್ಲ. ರಸಿಕರಾಗಬೇಕಿದ್ದರೆ ಮಾತ್ರ ಒಮ್ಮೆ ಕೈಯಾರೆ ಹುರಿಯಬೇಕು. ಜಿನಸಿನ ಅಂಗಡಿಯ ಬಾರ್ಲಿ ಹೊಟ್ಟು ತೆಗೆದು ಪಾಲಿಶ್ ಮಾಡಿದ ಬಿಳಿ ಕಾಳು. ಗಂಜಿಗೆ ಒಳ್ಳೆಯದು, ಚಹಾಕ್ಕೆ ಎರಡನೆಯ ದರ್ಜೆ. ಹೆಚ್ಚು ಕುದಿಸಿದರೆ ಪಿಷ್ಟ ಬಿಟ್ಟು ನೀರು ಕದಡುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಹೋಮಕ್ಕೆ, ಶ್ರಾದ್ಧಕ್ಕೆ ಎಂದು ಇಟ್ಟಿರುವ ಹೊಟ್ಟುಸಹಿತದ ಜವೆ ಕೇಳಿ ತನ್ನಿ. ಗೋಧಿಯ ಹೊಟ್ಟು ಬಡಿದರೆ ಬಿಡುತ್ತದೆ, ಜವೆಯದ್ದು ಕಾಳಿಗೆ ಅಂಟಿಕೊಂಡೇ ಇರುತ್ತದೆ, ಮತ್ತು ಹುರಿದ ಹೊಟ್ಟಿನಲ್ಲೇ ಈ ನೀರಿನ ಅರ್ಧ ಸೊಗಸು. ಕಲ್ಲು ದೂಳು ಆರಿಸಿ, ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ.

ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಒಂದು ಸಲಕ್ಕೆ 100 ಗ್ರಾಂ. ಎಣ್ಣೆ ಸೋಕಬಾರದು. ಈಗ ಕಣ್ಣಿಗಿಂತ ಮೂಗಿಗೆ ಹೆಚ್ಚು ಕೆಲಸ. ಮೊದಲು ಬರುವುದು ಒದ್ದೆ ಬೈಹುಲ್ಲಿನ ವಾಸನೆ. ಕಾಳಿನ ತೇವ ಹೋಗುತ್ತಿದೆ ಎಂದರ್ಥ. ಇಲ್ಲಿ ಅವಸರಪಟ್ಟು ಉರಿ ಏರಿಸಿದರೆ ಹೊಟ್ಟು ಕರಕಾಗಿ ಒಳಗೆ ಹಸಿಯೇ ಉಳಿಯುತ್ತದೆ. ಆಮೇಲೆ ಹಸಿ ಹಿಟ್ಟಿನ ವಾಸನೆ, ಏನೂ ಆಗುತ್ತಿಲ್ಲವೇನೋ ಎಂದು ಬೇಸರ ಬರಿಸುವ ಹೊತ್ತು. ನಂತರ ಕಾಳು ಉಬ್ಬಿ ಅಲ್ಲೊಂದು ಇಲ್ಲೊಂದು ಪಟ್ ಎಂದು ಸಿಡಿದು ಬಿಳಿಯ ಸೀಳು ತೋರಿಸುತ್ತದೆ, ಅರಳಿನ ಘಮ ಏಳುತ್ತದೆ. ಇಲ್ಲಿಂದ ಮುಂದೆ ಸೌಟು ನಿಲ್ಲಕೂಡದು. ಅರಳಿನ ಘಮ ಬ್ರೆಡ್ಡಿನ ಘಮವಾಗಿ, ಬ್ರೆಡ್ಡಿನದ್ದು ಕಾಫಿಪುಡಿಯದ್ದಾಗಿ ತಿರುಗಲು ಕೆಲವೇ ನಿಮಿಷ ಸಾಕು. ಒಂದು ಕಾಳು ತೆಗೆದು ಆರಿಸಿ ಹಲ್ಲಿನಲ್ಲಿ ಕಚ್ಚಿ ನೋಡಿ. ಟಪ್ಪೆಂದು ಮುರಿದು ನಡುವೆಯೂ ಕಂದಾಗಿದ್ದರೆ ಸರಿ, ಗಟ್ಟಿ ಬಿಳಿ ತಿರುಳು ಸಿಕ್ಕರೆ ಇನ್ನೂ ಹುರಿಯಬೇಕು. ನಿಮಗೆ ಬೇಕಾದ ಬಣ್ಣಕ್ಕೆ ಒಂದು ಛಾಯೆ ಮೊದಲೇ ಗೆರಸೆಗೆ ಸುರಿದುಬಿಡಿ, ಕಾಳಿನೊಳಗಿನ ಕಾವು ಉಳಿದದ್ದನ್ನು ಮಾಡುತ್ತದೆ. ಜಪಾನಿನಲ್ಲಿ ಇಂದಿಗೂ ಕೆಲವರು ಕಾದ ಮರಳಿನಲ್ಲಿ ಹುರಿಯುತ್ತಾರೆ. ಜಾತ್ರೆಗಳಲ್ಲಿ ಹೊಯಿಗೆ ಹಾಕಿ ನೆಲಕಡಲೆ ಹುರಿಯುವವರನ್ನು ಕಂಡ ನಮಗೆ ಅದರ ಗುಟ್ಟು ಹೇಳಿಕೊಡಬೇಕಿಲ್ಲ: ಕಾವು ಕಾಳನ್ನು ಎಲ್ಲ ಮಗ್ಗುಲಿಂದಲೂ ಸಮನಾಗಿ ಮುಟ್ಟುತ್ತದೆ.

ನೀರಿನ ವಿಷಯದಲ್ಲಿ ಪೈವಳಿಕೆಯವರು ಭಾಗ್ಯವಂತರು. ಇಲ್ಲಿ, ಬಾಯಾರಿನಲ್ಲಿ, ಎಣ್ಮಕಜೆಯ ಕಡೆಗೂ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ನಡೆದು ಹೋಗುವಷ್ಟೇ ಎತ್ತರ ಅಗಲ, ಒಳಗೆ ಕತ್ತಲು, ಕೊನೆಯಲ್ಲಿ ಒಸರು. ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ ನೀರು ತಾನಾಗಿ ಅಂಗಳದ ತೊಟ್ಟಿಗೆ ಬರುತ್ತದೆ. ಮುರಕಲ್ಲಿನ ಈ ನೀರು ಮೃದು, ಸುಣ್ಣದ ಅಂಶ ಅದರಲ್ಲಿ ಕಡಿಮೆ. ಬಾರ್ಲಿಯಂಥ ಮೆಲುದನಿಯ ಕಾಳಿಗೆ ಇಂಥ ನೀರೇ ಬೇಕು. ಗಡಸು ಬೋರ್‌ವೆಲ್ ನೀರಿನಲ್ಲಿ ಅದೇ ಕಾಳು ಕುದಿಸಿ ಪಕ್ಕದಲ್ಲಿಟ್ಟು ಕುಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೋರ್‌ವೆಲ್ಲಿನದ್ದು ಮಂಕು. ಸುರಂಗವಿರುವ ಮನೆಯವರು ಮಿನರಲ್ ವಾಟರ್ ಬಾಟಲಿಯಲ್ಲಿ ಚಹಾ ಮಾಡಿ ತೋರಿಸಿದರೆ ನನಗೆ ಸಿಟ್ಟು ಬರುತ್ತದೆ.

ಲೀಟರ್ ನೀರಿಗೆ 30 ಗ್ರಾಂ ಹುರಿದ ಕಾಳು, ಅಂದರೆ ಎರಡು ಮೂರು ದೊಡ್ಡ ಚಮಚ. ಕುದಿ ಬಂದ ಮೇಲೆ ಹತ್ತು ನಿಮಿಷ, ಉರಿ ನಂದಿಸಿ ಐದು ನಿಮಿಷ, ಸೋಸುವುದು. ಮೊದಲ ಲೋಟ ಬಿಸಿಯಾಗಿಯೇ ಇರಲಿ, ಸ್ಟೀಲಿನದ್ದಲ್ಲ, ಗಾಜಿನದ್ದು. ಬೆಳಕಿಗೆ ಹಿಡಿದರೆ ಹೊನ್ನುಗಂದು, ಆಚೆಗಿನ ಬೆರಳು ಕಾಣುವಷ್ಟು ತಿಳಿ. ಕುಡಿಯುವ ಮೊದಲು ಮೂಸಿ. ಬಾಯಿಗೆ ಹೋದಾಗ ಮುಂಚೆ ನೀರೇ ಅನಿಸುತ್ತದೆ, ನುಂಗಿದ ಮೇಲೆ ಹುರಿದ ಘಮ ಗಂಟಲಿನಿಂದ ಮೂಗಿಗೆ ಮರಳುತ್ತದೆ. ಈ ಮರಳಿ ಬರುವ ಘಮ ಗುರುತು ಹಿಡಿದವರಿಗೆ ಉಳಿದದ್ದೆಲ್ಲ ಸುಲಭ. ಕಹಿ ಕೊನೆಯಲ್ಲಿ ಚೂರು ಸೋಕಿ ಹೋಗಬೇಕು, ಕೂತುಬಿಟ್ಟರೆ ಹುರಿದದ್ದು ಹೆಚ್ಚಾಯಿತು. ಹೊಗೆಯ ವಾಸನೆ ಇದ್ದರೆ ತಳ ಹಿಡಿದಿದೆ. ನಾಲಗೆಗೆ ಜಿಗುಟಾದರೆ ಕುದಿಸಿದ್ದು ಅತಿಯಾಯಿತು.

ಕಹಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆಟಿ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿದ ನಾಲಗೆಗಳಿವು. ಆ ಕಷಾಯಕ್ಕೆ ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಚುಯ್ಯೆಂದು ಹಾಕುವ ಕ್ರಮವಿದೆಯಲ್ಲ, ಕಲ್ಲಿನ ಒಗ್ಗರಣೆ, ಅದರಿಂದ ಬರುವ ಸುಟ್ಟ ಘಮ ನೆನಪಿದ್ದವರಿಗೆ ಬಾರ್ಲಿಯ ಕಡುಹುರಿ ಬೇಗ ಒಗ್ಗುತ್ತದೆ. ತೆಳಿ ಕುಡಿಯುವವರಿಗೂ ಹಾಗೆಯೇ. ಕೊರಿಯಾದವರು ತಳ ಹಿಡಿದ ಅನ್ನಕ್ಕೆ ನೀರು ಹೊಯ್ದು ಕಾಯಿಸಿ ಊಟದ ಕೊನೆಗೆ ಕುಡಿಯುತ್ತಾರೆ, ಸುಂಗ್‌ನ್ಯುಂಗ್ ಎಂದು ಅದಕ್ಕೆ ಹೆಸರು. ಗಂಜಿಯ ನಾಡಿನ ನಾವು ಅದನ್ನು ಕಂಡುಹಿಡಿಯದೆ ಸೀದ ಅನ್ನವನ್ನು ದನಕ್ಕೆ ಹಾಕುತ್ತ ಬಂದದ್ದು ಆಶ್ಚರ್ಯವೇ.

ತಣ್ಣಗಿನದ್ದು ಎರಡನೆಯ ಪಾಠ, ಅದಕ್ಕೆ ಕಾಲ ಏಪ್ರಿಲ್-ಮೇ. ಜಪಾನಿನಲ್ಲಿ ಎದೋ ಕಾಲದ ಬೀದಿಗಳಲ್ಲಿ ಇದನ್ನು ಬಿಸಿಯಾಗಿ ಮಾರುತ್ತಿದ್ದರು. ಮನೆಮನೆಗೆ ಫ್ರಿಜ್ ಬಂದ ಮೇಲೆ ಅದು ಬೇಸಿಗೆಯ ತಣ್ಣೀರಾಯಿತು. ತಣ್ಣಗಾದಾಗ ಕಹಿ ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಅಡಿಕೆ ತೋಟದಿಂದ ಬೆವರಿ ಬಂದವರಿಗೆ ಬೆಲ್ಲ-ನೀರಿನ ಜೊತೆ ಇದನ್ನೂ ಇಟ್ಟು ನೋಡಿ. ಬೆಲ್ಲದ ತುಂಡು ಕಚ್ಚಿಕೊಂಡು ಕುಡಿಯುವುದಕ್ಕೆ ಅಡ್ಡಿಯಿಲ್ಲ, ಕರಗಿಸುವುದು ಮಾತ್ರ ಬೇಡ. ಐಸ್ ಹಾಕುವುದಾದರೆ ಕಾಳು ಇಮ್ಮಡಿ ಹಾಕಿ.

ರಕ್ತ ಶುದ್ಧಿ, ಬೊಜ್ಜು ಇಳಿಕೆ ಎಂದೆಲ್ಲ ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ ಕುಡಿಯಬೇಡಿ. ಮತ್ತೆ ರೋಗಿಯ ಮಂಚಕ್ಕೇ ಮರಳಿದಂತೆ. ಕೆಫೀನ್ ಇಲ್ಲದ್ದರಿಂದ ರಾತ್ರಿ ಯಕ್ಷಗಾನಕ್ಕೆ ಹೋಗುವ ದಿನ ಇದರಿಂದ ಪ್ರಯೋಜನವಿಲ್ಲ, ನಿದ್ದೆ ಮಾಡಬೇಕಾದ ದಿನ ಒಳ್ಳೆಯದು. ಎಚ್ಚರಿಕೆ ಎರಡೇ. ಬಾರ್ಲಿಯಲ್ಲಿ ಗೋಧಿಯಂತೆಯೇ ಗ್ಲುಟೆನ್ ಇದೆ, ಸೀಲಿಯಾಕ್ ತೊಂದರೆಯವರಿಗೆ ಹುರಿದರೂ ಕುದಿಸಿದರೂ ಆಗದು. ಇನ್ನೊಂದು, ಕಾಳಿನ ನೀರಾದ್ದರಿಂದ ನಮ್ಮ ಸೆಕೆಗೆ ಇದು ಬೇಗ ಕೆಡುತ್ತದೆ. ಬೆಳಗ್ಗೆ ಕಾಯಿಸಿ ಹೊರಗಿಟ್ಟದ್ದು ಸಂಜೆಗೆ ಹುಳಿವಾಸನೆ ಹೊಡೆದರೆ ಚೆಲ್ಲಿ. ಸೋಸಿದ ಕಾಳನ್ನು ಪಾತ್ರೆಯಲ್ಲೇ ಬಿಡದೆ ಆಗಿಂದಾಗಲೇ ಅಕ್ಕಚ್ಚಿನ ಬಾಲ್ದಿಗೆ ಹಾಕಿ, ಹಟ್ಟಿಯ ದನ ತಕರಾರು ಮಾಡುವುದಿಲ್ಲ.