ವಿಷವನ್ನುಂಡ ಜೀವಾಣುವೂ ಎರೆಭೂಮಿಯೂ

ಗದಗ-ಬೆಟಗೇರಿಯ ಪೇಟೆಗೆ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಕಳುಹುವ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಹೊಲಗಳಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಎಂದು ಹೆಸರು. ಈ ಸೌಮ್ಯನಾಮದ ಮರೆಯಲ್ಲಿರುವ ದ್ರವ್ಯಗಳಲ್ಲಿ ಸೈಪರ್‌ಮೆತ್ರಿನ್ ಒಂದು. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಕೀಟಹರ ಸತ್ವವು ಬಿಸಿಲಿಗೆ ನಿಲ್ಲದೆ ಅಳಿಯುವುದನ್ನು ಕಂಡು, ಅದನ್ನೇ ಅನುಕರಿಸಿ, ಬಿಸಿಲಿಗೆ ಬಾಗದಂತೆ ರಸಾಯನಜ್ಞರು ಕಟ್ಟಿದ ಪದಾರ್ಥವಿದು. ಹೀಗೆ ಬಾಳಿಕೆಗೆಂದೇ ಕಟ್ಟಿದುದನ್ನು ಅಳಿಸುವ ಬಗೆಯಾವುದೆಂಬ ಪ್ರಶ್ನೆಗೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಚ್. ಝಡ್. ನಿನ್ನೇಕರ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಉತ್ತರ ಕೊಡುತ್ತದೆ. ಗದಗವು 1997ರವರೆಗೆ ಧಾರವಾಡ ಜಿಲ್ಲೆಯ ಅಂಗವೇ ಆಗಿದ್ದುದರಿಂದ, ನಮ್ಮ ಮನೆಯ ಮಾತೆಂಬ ಸಲಿಗೆಯಿಂದಲೇ ಅದನ್ನು ಪರೀಕ್ಷಿಸುತ್ತೇನೆ.

ಮಣ್ಣಿನಿಂದ ಬೇರ್ಪಡಿಸಿದ ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯವು ಈ ವಿಷವನ್ನೇ ಆಹಾರವಾಗಿ ಉಂಡು ಬೆಳೆಯಿತು. ಅಣುವಿನ ನಡುವಣ ಎಸ್ಟರ್ ಬಂಧವು ಜಲವಿಚ್ಛೇದನದಿಂದ ಸೀಳಿದೊಡನೆ ಕೀಟವನ್ನು ಕೊಲ್ಲುವ ಶಕ್ತಿ ಉಡುಗುತ್ತದೆ. ಅವಸರದ ಸಂಶೋಧಕನು ಇಲ್ಲಿಯೇ ಜಯಭೇರಿ ಹೊಡೆಯಿಸಿಯಾನು. ಆದರೆ ಸೀಳಿನಲ್ಲಿ ಉಳಿಯುವ 3-ಫಿನಾಕ್ಸಿಬೆಂಜೊಯೇಟ್ ಸುಲಭವಾಗಿ ಜೀರ್ಣವಾಗುವ ತುಂಡಲ್ಲ. ಧಾರವಾಡದ ತಳಿ ಅದನ್ನೂ ಫಿನಾಲ್ ಮತ್ತು ಪ್ರೊಟೊಕ್ಯಾಟೆಚುಯೇಟ್‌ಗಳಾಗಿ ಒಡೆದು, ಕೊನೆಗೆ ತನ್ನ ಜೀವಚಯಾಪಚಯದ ಚಕ್ರಕ್ಕೆ ಸೇರಿಸಿಕೊಂಡ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದುದೇ ಈ ಕಾರ್ಯದ ಹಿರಿಮೆ. ಕಾಸರಗೋಡಿನ ಗೇರುತೋಪುಗಳ ಮೇಲೆ ಸುರಿದ ಎಂಡೋಸಲ್ಫಾನನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ: ಮಣ್ಣಿನ ಸೂಕ್ಷ್ಮಜೀವಿಗಳು ಉತ್ಕರ್ಷಣದಿಂದ ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ, ಮೂಲ ವಸ್ತು ಮಾಯವಾಗಿ, ಅಷ್ಟೇ ಘೋರವಾದ ಇನ್ನೊಂದು ಅದರ ಪೀಠದಲ್ಲಿ ಕುಳಿತಿರುತ್ತದೆ.

ಇಷ್ಟನ್ನು ಮೆಚ್ಚಿದ ಮೇಲೆಯೂ ನನ್ನ ಆಕ್ಷೇಪ ಉಳಿಯುತ್ತದೆ. ಫ್ಲಾಸ್ಕಿನಲ್ಲಿ ಜೀವಾಣುವಿಗೆ ಒಂದೇ ಊಟ, ಹದವಾದ ಬಿಸುಪು, ಪ್ರತಿಸ್ಪರ್ಧಿಯಿಲ್ಲದ ಏಕಾಂತ. ಎರೆಹೊಲದಲ್ಲಿಯೋ, ಬೇಸಗೆಗೆ ಕಾಲು ಹೊಗುವಷ್ಟು ಬಿರಿಯುವ ನೆಲ, ಸೈಪರ್‌ಮೆತ್ರಿನ್ನನ್ನು ಬಿಗಿಯಾಗಿ ಹಿಡಿದಿಡುವ ಜೇಡಿಯ ಕಣ, ಸಾವಿರ ಬಗೆಯ ಎದುರಾಳಿ ಜೀವಿಗಳು. ಜೀವಾಣುವನ್ನು ಬಿಟ್ಟು, ಅದರೊಳಗಿದ್ದು ವಿಷವನ್ನು ಸೀಳುವ ಕಿಣ್ವವನ್ನಷ್ಟೇ ಪುಡಿಮಾಡಿ ಎರಚಿದರೆ ಅನ್ನಾಹಾರದ ಚಿಂತೆ ತಪ್ಪೀತು, ಆದರೆ ಒಂಟಿ ಕಿಣ್ವ ಮೊದಲ ಸೀಳಿಗೇ ನಿಲ್ಲುತ್ತದೆ. ಅದಕ್ಕೂ ನೀರು ಬೇಕು. ಆಸ್ಟ್ರೇಲಿಯದ ಸಿ.ಎಸ್.ಐ.ಆರ್.ಓ. ಸಂಸ್ಥೆಯವರು ಆರ್ಗನೊಫಾಸ್ಫೇಟ್ ವಿಷಗಳನ್ನು ಒಡೆಯುವ ಕಿಣ್ವವನ್ನು ಹೊರಗೆ ತಂದಾಗ, ಕುರಿ ಅದ್ದಿದ ತೊಟ್ಟಿಯ ನೀರನ್ನೂ ಹೊಲದಿಂದ ಹರಿದುಬಂದ ನೀರನ್ನೂ ಆರಿಸಿಕೊಂಡುದು ವಿವೇಕದ ನಡೆ.

ನಮ್ಮಲ್ಲಿಯೂ ಈ ವಿದ್ಯೆಯ ನೆಲೆ ಹೊಲವಲ್ಲ, ಹೊಲದಂಚಿನ ನೀರು. ಅತ್ಯಲ್ಪ ಪ್ರಮಾಣದ ಸೈಪರ್‌ಮೆತ್ರಿನ್ ಕೂಡ ಮೀನನ್ನು ಕೊಲ್ಲಬಲ್ಲುದು. ನಮ್ಮ ಗದಗ ಜಿಲ್ಲೆಯ ಮಾಗಡಿಯ ಕೆರೆಯಾದರೋ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ಬೀಡು, 2024ರಿಂದ ರಾಮ್‌ಸಾರ್ ತಾಣ. ಎಣ್ಣಿ ಹೊಡೆದ ಪಂಪನ್ನು ತೊಳೆದ ನೀರು ಹಳ್ಳವನ್ನು ಸೇರದಂತೆ ಒಂದು ಗುಂಡಿಯಲ್ಲಿ ತಡೆಯುವುದಕ್ಕೆ ಯಾವ ಪ್ರಯೋಗಾಲಯವೂ ಬೇಕಿಲ್ಲ. ಧಾರವಾಡದ ಆ ಜೀವಾಣುವನ್ನು ಕರೆತರುವುದಾದರೆ ಮೊದಲು ತೋಡಬೇಕಾದದ್ದು ಆ ಗುಂಡಿಯನ್ನು.