ವಾಕ್ಚಿಕಿತ್ಸೆಯ ಪ್ರಮಾಣ: ಒಂದು ವಿಮರ್ಶೆ

ಮಾತು ತಡವಾದ ಶಿಶುಗಳಿಗೆ ಚಿಕಿತ್ಸೆಯನ್ನು ಹೆಚ್ಚು ಹೊತ್ತು ನಡೆಸಿದಷ್ಟೂ ಹೆಚ್ಚು ಫಲವುಂಟೆಂಬ ನಂಬಿಕೆಯು ಪ್ರಬಲವಾಗಿರುವುದು. 1987ರಲ್ಲಿ ಅಮೆರಿಕದ ಲೋವಾಸ್ ಎಂಬುವರು, ಆಟಿಸಂ ಇದ್ದ 19 ಮಕ್ಕಳಿಗೆ ವಾರಕ್ಕೆ ಸುಮಾರು 40 ಗಂಟೆಗಳ ಶಿಕ್ಷಣವನ್ನಿತ್ತು ಪ್ರಕಟಿಸಿದ ಫಲಿತಾಂಶವು ಇದಕ್ಕೆ ದೊಡ್ಡ ಆಧಾರವಾಯಿತು. ಆದರೆ ಅಲ್ಲಿ ಮಕ್ಕಳನ್ನು ಚೀಟಿಯೆತ್ತಿದಂತೆ ನಿಷ್ಪಕ್ಷಪಾತವಾಗಿ ಗುಂಪುಗಳಿಗೆ ಹಂಚಿರಲಿಲ್ಲ. ಆದುದರಿಂದ ಫಲವೆಲ್ಲವೂ ಗಂಟೆಗಳದೇ ಎಂದು ನಿರ್ಣಯಿಸಲಾಗದು.

2007ರಲ್ಲಿ ವಾರೆನ್, ಫೇ, ಯೋಡರ್ ಎಂಬ ಮೂವರು ವಿದ್ವಾಂಸರು ಈ ‘ಪ್ರಮಾಣ’ವೆಂಬ ಮಾತನ್ನೇ ಬಿಡಿಸಿ ನೋಡಿದರು. ಒಂದು ಪಾಠದಲ್ಲಿ ಮಗುವಿಗೆ ಒದಗುವ ಕಲಿಕೆಯ ಅವಕಾಶಗಳೆಷ್ಟು, ಅವು ಎಂತಹವು, ವಾರಕ್ಕೆ ಪಾಠಗಳೆಷ್ಟು, ಒಟ್ಟು ಎಷ್ಟು ತಿಂಗಳು ಎಂಬಿವು ಬೇರೆಬೇರೆ ಸಂಗತಿಗಳು. ಗಡಿಯಾರವೊಂದರಿಂದಲೇ ಇವೆಲ್ಲವನ್ನೂ ಅಳೆಯಲಾಗದೆಂಬ ಅವರ ವಿವೇಚನೆಯು ಸ್ತುತ್ಯವಾದುದು.

ಈ ಮೂವರೂ ಸೇರಿದ್ದ ತಂಡವು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬುದ್ಧಿಯ ಬೆಳವಣಿಗೆಯೂ ಮಾತೂ ಹಿಂದುಳಿದ 64 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೆ 1 ಗಂಟೆ, ಮತ್ತೊಂದಕ್ಕೆ 5 ಗಂಟೆಯಂತೆ 9 ತಿಂಗಳು ಚಿಕಿತ್ಸೆ ನಡೆಯಿತು. ಮಗುವಿನ ಆಟದಲ್ಲಿ ಬೆರೆತು, ಅದರ ಸನ್ನೆಗೂ ದನಿಗೂ ಓಗೊಟ್ಟು ಮಾತನ್ನು ಪ್ರೇರಿಸುವುದೇ ಇಲ್ಲಿನ ಕ್ರಮ. ಒಟ್ಟಿನಲ್ಲಿ ಗುಂಪುಗಳೊಳಗೆ ಗಣನೀಯವಾದ ಭೇದವು ಕಾಣಲಿಲ್ಲ. ಆದರೆ ಮೊದಲೇ 9 ಅಥವಾ ಹೆಚ್ಚು ವಸ್ತುಗಳನ್ನು ಅವುಗಳ ಉಪಯೋಗಕ್ಕೆ ತಕ್ಕಂತೆ ಬಳಸಿ ಆಡಬಲ್ಲ ಮಕ್ಕಳಲ್ಲಿ, 5 ಗಂಟೆಯ ಚಿಕಿತ್ಸೆಯಿಂದ ಶಬ್ದಸಂಪತ್ತು ಹೆಚ್ಚು ಬೆಳೆಯಿತು.

ಇಲ್ಲಿ ಎರಡು ಆಕ್ಷೇಪಣೆಗಳಿಗೆ ಅವಕಾಶವುಂಟು. ಚಿಕಿತ್ಸೆಯೇ ಇಲ್ಲದ ಗುಂಪೊಂದನ್ನು ಇಡದುದರಿಂದ, ಆದ ಬೆಳವಣಿಗೆಯಲ್ಲಿ ವಯೋಧರ್ಮದ ಪಾಲೆಷ್ಟೆಂದು ಬಗೆಹರಿಯದು. ಎರಡನೆಯದಾಗಿ, ಆಟದ ಗುಣವು ಪರಿಶೀಲಿಸಿದ ಹಲವು ಗುಣಗಳಲ್ಲಿ ಒಂದು. ಹಲವನ್ನು ಸೋಸಿದಾಗ ಒಂದು ಆಕಸ್ಮಿಕವಾಗಿಯೂ ಎದ್ದು ಕಾಣಬಹುದು. ಆದುದರಿಂದ ಈ ನಿರ್ಣಯವು ಸಿದ್ಧಾಂತವಲ್ಲ, ಮುಂದಿನ ಶೋಧನೆಗೆ ಸೂಚನೆ ಮಾತ್ರ.

ಆದರೂ ಇದರ ಬೆಲೆ ಕಡಿಮೆಯೇನಲ್ಲ. ಎಲ್ಲ ಮಕ್ಕಳಿಗೂ ಹೆಚ್ಚು ಗಂಟೆಗಳನ್ನು ವಿಧಿಸಿದರೆ ಬಡ ತಂದೆತಾಯಿಗಳು ವ್ಯರ್ಥವಾಗಿ ಬಳಲುವರು. ಭೇದ ಕಾಣದೆಂದು ಎಲ್ಲರಿಗೂ ಗಂಟೆಗಳನ್ನು ಕಡಿದರೆ, ಸಿದ್ಧವಾಗಿರುವ ಮಗುವಿಗೆ ಅನ್ಯಾಯವಾಗುವುದು. ಎಷ್ಟು ಗಂಟೆಯೆಂದು ನಿಶ್ಚಯಿಸುವ ಮೊದಲು ಮಗುವಿನ ಆಟವನ್ನು ಕಣ್ಣಿಟ್ಟು ನೋಡಬೇಕೆಂಬುದೇ ಈ ಪ್ರಯೋಗದಿಂದ ಗ್ರಹಿಸತಕ್ಕ ಅಂಶ.