ಸರಕು ಡಬ್ಬಿಯ ಮಾದರಿಯಲ್ಲಿ ಕಾಲನಿಷ್ಠೆ

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸರಕು ಡಬ್ಬಿಯನ್ನು ಕೆರೆದು, ಕೊರೆದು, ಬಿಡಿಭಾಗಗಳನ್ನು ಕೂಡಿಸಿ ಅಸಲಿಗೆ ಹತ್ತಿರ ತರುವ ಕುಶಲಕೆಲಸ ಅಮೆರಿಕದ ರೈಲು ಮಾದರಿಕಾರರಲ್ಲಿ ಚೆನ್ನಾಗಿ ಬೇರೂರಿದೆ. ಆದರೆ ಅದರ ಬೆಲೆ ಕಟ್ಟುವಾಗ ಎಷ್ಟು ವಿವರಗಳನ್ನು ಸೇರಿಸಲಾಗಿದೆ ಎಂಬ ಎಣಿಕೆಯೇ ಮುಂದಾಗುವುದರಿಂದ, ಆ ವಿವರಗಳೆಲ್ಲ ಒಂದೇ ಕಾಲಕ್ಕೆ ಸೇರಿದವೇ ಎಂಬ ಮುಖ್ಯ ಪ್ರಶ್ನೆ ಹಿಂದೆ ಬೀಳುತ್ತದೆ.

ಅಥರ್ನ್ ಕಂಪನಿ ದಶಕಗಳ ಕಾಲ ಮಾರಿದ 40 ಅಡಿಯ ಬಾಕ್ಸ್‌ಕಾರ್, ಅಂದರೆ ಎಲ್ಲ ಕಡೆ ಮುಚ್ಚಿದ ಸರಕು ಡಬ್ಬಿ, ಇದಕ್ಕೆ ತಕ್ಕ ಉದಾಹರಣೆ. ಎಚ್‌ಓ ಪ್ರಮಾಣದ, ಎಂದರೆ ಮೂಲದ 87ರಲ್ಲಿ ಒಂದು ಪಾಲು ಗಾತ್ರದ ಈ ಮಾದರಿಯಲ್ಲಿ ಸಿಬ್ಬಂದಿ ಹತ್ತಲು ಬಳಸುವ ಹಿಡಿಕಂಬಿಗಳು ಗೋಡೆಯೊಡನೆಯೇ ಅಚ್ಚಾಗಿರುತ್ತವೆ. ಅವನ್ನು ಕೆತ್ತಿ ತೆಗೆದು ಸುಮಾರು 0.3 ಮಿ.ಮೀ. ದಪ್ಪದ ತಂತಿ ಕೂರಿಸುವುದು ರೂಢಿ. ಮುಕ್ಕಾಲು ಇಂಚಿನ ಅಸಲಿ ಕಂಬಿ ಈ ಪ್ರಮಾಣದಲ್ಲಿ 0.22 ಮಿ.ಮೀ. ಆಗಬೇಕಾದ್ದರಿಂದ ತಂತಿಯೂ ದಪ್ಪವೇ. ಆದರೂ ಕಂಬಿಗೂ ಗೋಡೆಗೂ ನಡುವೆ ಬಿಡುವು ಬಿದ್ದು, ಅಲ್ಲಿ ನೆರಳು ಮೂಡುವುದರಿಂದ ಈ ಶ್ರಮ ಸಾರ್ಥಕವಾಗುತ್ತದೆ.

ಚಾವಣಿಯ ನಡೆಹಲಗೆಯ ವಿಷಯದಲ್ಲಿ ಇಂಥ ಶ್ರಮವೊಂದೇ ಸಾಲದು. ಗಾಳಿಬ್ರೇಕ್ ಹರಡುವ ಮೊದಲು ಬ್ರೇಕಿನಾಳುಗಳು ಓಡುವ ರೈಲಿನ ಮೇಲೆ ನಡೆದು ಕೈಬ್ರೇಕ್ ಬಿಗಿಯಲು ಬೇಕಾಗಿದ್ದ ಈ ಹಲಗೆಯನ್ನು 1966ರ ಬಳಿಕ ಹೊಸ ಬಾಕ್ಸ್‌ಕಾರುಗಳಿಗೆ ಹಾಕಲಿಲ್ಲ. ಹಳೆಯವುಗಳಿಂದಲೂ ಕ್ರಮೇಣ ಕಿತ್ತು, ಏಣಿಗಳನ್ನು ಗಿಡ್ಡಗೊಳಿಸಲಾಯಿತು. ಕೈಬ್ರೇಕಿನ ಚಕ್ರ ಮೇಲೆಯೇ ಉಳಿದ ಡಬ್ಬಿಯಲ್ಲಿ ಅದನ್ನು ತಲುಪುವ ಏಣಿ ಮಾತ್ರ ಉಳಿಯಬೇಕಾಯಿತು. 1966ರ ಬಳಿಕ ಕಟ್ಟಿದ ಡಬ್ಬಿಗೆ ಹಲಗೆ ಹಾಕಿದ ಮಾದರಿಯೂ, 1967ರಲ್ಲಿ ಜಾರಿಗೆ ಬಂದ ಬಣ್ಣದ ಪಟ್ಟೆಗಳ ಗುರುತುಚೀಟಿಯನ್ನು 1955ರ ಸ್ಥಿತಿಯಲ್ಲಿ ತೋರಿಸಿದ ಡಬ್ಬಿಗೆ ಅಂಟಿಸಿದ ಮಾದರಿಯೂ ಕೈಚಳಕದಲ್ಲಿ ಎಷ್ಟೇ ನಯವಾಗಿದ್ದರೂ ಚರಿತ್ರೆಯಲ್ಲಿ ಎಡವುತ್ತವೆ.

ಪುಲ್‌ಮನ್-ಸ್ಟ್ಯಾಂಡರ್ಡ್ 1947ರಿಂದ ಕಟ್ಟಿದ ಪಿಎಸ್-1 ಬಾಕ್ಸ್‌ಕಾರನ್ನು ಕೇಡಿ ಕಂಪನಿ 1990ರ ದಶಕದಲ್ಲಿ ಬಿಡಿಬಿಡಿಯಾದ ತೆಳು ಭಾಗಗಳೊಡನೆ ಮಾದರಿಯಾಗಿ ತಂದ ಮೇಲೆ ಎಣಿಕೆಯ ಮಾನದಂಡ ಇನ್ನಷ್ಟು ಸಡಿಲವಾಯಿತು. ಕಾರ್ಖಾನೆಯೇ ವಿವರ ಒದಗಿಸುವಾಗ ಮಾದರಿಕಾರನ ಪಾಲಿಗೆ ಉಳಿಯುವುದು ಆಯ್ಕೆಯ ವಿವೇಕ. ಹವಾಮಾನದ ಸವೆತ ತೋರಿಸಲು ಬಣ್ಣದ ಪುಡಿ, ತೆಳು ಬಣ್ಣ ಬಳಿಯುವಲ್ಲಿಯೂ ಅದೇ ವಿವೇಕ ಬೇಕು: ಬಣ್ಣ ಬಳಿದು ವರ್ಷ ತುಂಬದ ಡಬ್ಬಿಗೆ ಮೂವತ್ತು ವರ್ಷದ ತುಕ್ಕು ಹೊಂದುವುದಿಲ್ಲ.

ಹಾಗೆಂದು ನಿಖರತೆಯನ್ನು ಎಲ್ಲೆಡೆ ಒಂದೇ ಬಿಗಿಯಿಂದ ಕೇಳಲಾಗದು. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘದ ಶಿಫಾರಸಿನಂತೆ ಐದೂವರೆ ಇಂಚಿನ ಡಬ್ಬಿ ಸುಮಾರು 106 ಗ್ರಾಂ ತೂಗಬೇಕು. ಅದು ಹಳಿ ತಪ್ಪದೆ ಓಡಲು ಕಟ್ಟಿದ ಲೆಕ್ಕವೇ ಹೊರತು ಅಸಲಿ ತೂಕದ ಪ್ರಮಾಣವಲ್ಲ. ಓಟಕ್ಕಾಗಿ ಅರಿತು ಮಾಡಿಕೊಂಡ ಇಂಥ ರಾಜಿಯನ್ನು ಒಪ್ಪಬಹುದು, ಆದರೆ ಅರಿಯದೆ ನುಸುಳಿದ ಕಾಲದೋಷಕ್ಕೆ ಆ ರಿಯಾಯಿತಿ ಸಲ್ಲದು. ಆದ್ದರಿಂದ ಒಂದು ವರ್ಷವನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಹೊಂದದ್ದನ್ನು ತೆಗೆದುಹಾಕಿದ ಸರಳ ಡಬ್ಬಿಯೇ ವಿವರಗಳಿಂದ ಕಿಕ್ಕಿರಿದ ಡಬ್ಬಿಗಿಂತ ಮೇಲಾದ ಕೃತಿ.